ಪಾಠದ ಕೋಣೆಯ ಬಾಗಿಲು ತೆರೆದವರು: ಪಿಯಾನೋ ಶಿಕ್ಷಕರ ಸಂಘಗಳ ಕತೆ



ಇತಿಹಾಸವೆಂದರೆ ರಾಜರ, ಯುದ್ಧಗಳ, ಒಪ್ಪಂದಗಳ ಕತೆ ಎಂಬಂತೆ ನಾವು ತರಗತಿಯಲ್ಲಿ ಓದಿದ್ದೇವೆ, ಓದಿಸಿದ್ದೇವೆ. ಆದರೆ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿ ಬಾಳು ಸಾಗಿಸಿದವರಿಗೂ ಒಂದು ಇತಿಹಾಸವುಂಟು. ಅಂಥವರಲ್ಲಿ ಒಂದು ವರ್ಗದ, ಅಂದರೆ ಅಮೆರಿಕದ ಪಿಯಾನೋ ಶಿಕ್ಷಕರ ಹಾಗೂ ಅವರು ಕಟ್ಟಿಕೊಂಡ ಸಂಘಗಳ ವೃತ್ತಾಂತವನ್ನು ಈ ಬಾರಿ ನಿಮ್ಮ ಮುಂದಿಡುತ್ತಿದ್ದೇನೆ. "ಪಿಯಾನೋಗೂ ನಿಮಗೂ ಏನು ಸಂಬಂಧ ಮೇಷ್ಟ್ರೇ?" ಎಂದು ನಿಮ್ಮಲ್ಲಿ ಕೆಲವರು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಇದ್ದದ್ದು ಒಂದು ಹಳೆಯ ಹಾರ್ಮೋನಿಯಂ ಮಾತ್ರ, ನಿಜ. ಆದರೆ ಈ ಕತೆ ವಾದ್ಯದ್ದಲ್ಲ, ಮೇಷ್ಟರುಗಳದ್ದು. ಆ ಮಟ್ಟಿಗೆ ನನಗೂ ಅದಕ್ಕೂ ಸಂಬಂಧವಿದೆ.

ಶಾಲೆಯ ಅಧ್ಯಾಪಕನಿಗೆ ಎಷ್ಟೇ ಕಷ್ಟಗಳಿದ್ದರೂ ಅವನು ಒಂಟಿಯಲ್ಲ. ಗಂಟೆ ಬಾರಿಸಿದಾಗ ಹೋಗಿ ಕುಳಿತುಕೊಳ್ಳಲು ಒಂದು ಸಿಬ್ಬಂದಿ ಕೊಠಡಿ ಇದೆ. ಸುಖದುಃಖ ಹೇಳಿಕೊಳ್ಳಲು ಸಹೋದ್ಯೋಗಿಗಳಿದ್ದಾರೆ, ಮೇಲೆ ಮುಖ್ಯೋಪಾಧ್ಯಾಯರಿದ್ದಾರೆ, ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಅಧಿಕಾರಿಗಳಿದ್ದಾರೆ. ನಿವೃತ್ತನಾದ ಮೇಲೆ ನಮ್ಮ ಕಾಲದವರಿಗೆ ಪಿಂಚಣಿಯೂ ಇತ್ತು. ಮನೆಯಲ್ಲಿ ಪಿಯಾನೋ ಪಾಠ ಹೇಳುವವರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಮಗು ಬಂತು, ಅರ್ಧ ಗಂಟೆ ಕಲಿಯಿತು, ಹೋಯಿತು; ಇನ್ನೊಂದು ಮಗು ಬಂತು. ತಾನು ಕಲಿಸುತ್ತಿರುವುದು ಸರಿಯೋ ತಪ್ಪೋ ಎಂದು ಹೇಳುವವರಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಯಾರು ಬೇಕಾದರೂ ಬಾಗಿಲಿಗೆ ಫಲಕ ತೂಗುಹಾಕಿ ಸಂಗೀತ ಶಿಕ್ಷಕರೆನಿಸಿಕೊಳ್ಳಬಹುದಾಗಿತ್ತು. ಹೀಗಾಗಿ ನಿಜವಾಗಿ ಬಲ್ಲವರಿಗೂ ಅರೆಬರೆ ಬಲ್ಲವರಿಗೂ ಜನರ ಕಣ್ಣಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಅತ್ತ ಪಿಯಾನೋ ಮಾತ್ರ ಮನೆಮನೆಗೆ ನುಗ್ಗುತ್ತಿತ್ತು. 1909ರ ಒಂದೇ ವರ್ಷದಲ್ಲಿ ಅಮೆರಿಕದ ಕಾರ್ಖಾನೆಗಳು ಮೂರೂವರೆ ಲಕ್ಷಕ್ಕೂ ಹೆಚ್ಚು ಪಿಯಾನೋಗಳನ್ನು ತಯಾರಿಸಿದವು ಎಂದರೆ ಕಲಿಯುವ ಮಕ್ಕಳ, ಕಲಿಸುವ ಗುರುಗಳ ಸಂಖ್ಯೆ ಹೇಗೆ ಬೆಳೆದಿರಬೇಕೆಂದು ನೀವೇ ಊಹಿಸಬಹುದು.

ಈ ಒಂಟಿತನಕ್ಕೆ ಮೊದಲು ಮದ್ದು ಹುಡುಕಿದವನು ಥಿಯೊಡೋರ್ ಪ್ರೆಸ್ಸರ್. 1848ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ದುಡಿದವನು. ಆಮೇಲೆ ಸಂಗೀತದ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ, ಅಲ್ಲಿಂದ ಸಂಗೀತಾಭ್ಯಾಸಕ್ಕೆ ತೊಡಗಿ, ಕಡೆಗೆ ಶಿಕ್ಷಕನಾದ. 1876ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ರಜೆಯಲ್ಲಿ, ಒಹಾಯೊ ರಾಜ್ಯದ ಡೆಲವೇರ್ ಎಂಬ ಸಣ್ಣ ಊರಿನಲ್ಲಿ ಅವನೂ 62 ಮಂದಿ ಸಹೋದ್ಯೋಗಿಗಳೂ ಸಭೆ ಸೇರಿದರು. ಹೀಗೆ ಹುಟ್ಟಿದ್ದು 'ಮ್ಯೂಸಿಕ್ ಟೀಚರ್ಸ್ ನ್ಯಾಷನಲ್ ಅಸೋಸಿಯೇಷನ್'. ಬಾಸ್ಟನ್ ನಗರದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯನ್ನು 1867ರಲ್ಲಿ ಸ್ಥಾಪಿಸಿದ್ದ ಎಬೆನ್ ಟೂರ್ಜೆ ಅದರ ಮೊದಲ ಅಧ್ಯಕ್ಷನಾದ. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ. ಸಂಘ ಎಲ್ಲ ಬಗೆಯ ಸಂಗೀತ ಶಿಕ್ಷಕರದ್ದಾದರೂ ಪಿಯಾನೋ ಕಲಿಸುವವರದೇ ಅದರಲ್ಲಿ ದೊಡ್ಡ ಪಾಲು.

ಪ್ರೆಸ್ಸರ್ ಅಷ್ಟಕ್ಕೇ ನಿಲ್ಲಲಿಲ್ಲ. ಸಭೆಗೆ ವರ್ಷಕ್ಕೊಮ್ಮೆ ಬರಲು ಎಲ್ಲರಿಗೂ ಆಗುವುದಿಲ್ಲವಲ್ಲ. 1883ರಲ್ಲಿ ಅವನು ವರ್ಜೀನಿಯಾದ ಲಿಂಚ್‌ಬರ್ಗ್‌ನಿಂದ 'ದಿ ಎಟ್ಯೂಡ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಮರುವರ್ಷ ಅದನ್ನು ಫಿಲಡೆಲ್ಫಿಯಾಕ್ಕೆ ಒಯ್ದ. ಪಾಠದ ಕ್ರಮ, ಬೆರಳುಗಳ ಸಾಧನೆ, ಮನೆಯಲ್ಲಿ ನುಡಿಸಲು ಸ್ವರಲಿಪಿಯ ಹಾಳೆಗಳು ಇವೆಲ್ಲ ಅಂಚೆಯ ಮೂಲಕ ಹಳ್ಳಿಯ ಶಿಕ್ಷಕಿಯ ಕೈ ಸೇರತೊಡಗಿದವು. 1957ರವರೆಗೆ ಆ ಪತ್ರಿಕೆ ನಡೆಯಿತು. ಊರಿನಲ್ಲಿ ಒಬ್ಬಳೇ ಪಿಯಾನೋ ಶಿಕ್ಷಕಿಯಾಗಿದ್ದವಳಿಗೆ ಅದೇ ಸಿಬ್ಬಂದಿ ಕೊಠಡಿ ಎಂದರೆ ತಪ್ಪಾಗಲಾರದು.

ಸಂಘದ ವಾರ್ಷಿಕ ಸಮಾವೇಶಗಳಲ್ಲಿ ಹಗಲು ಪ್ರಬಂಧಗಳ ವಾಚನ, ಚರ್ಚೆಗಳ ಜೊತೆಗೆ ಕಛೇರಿಗಳೂ ಇರುತ್ತಿದ್ದವು. ಅಂಥ ಒಂದು ಕಛೇರಿ ಚರಿತ್ರೆಯಲ್ಲಿ ಉಳಿದಿದೆ. ಆಗಿನ ಅಮೆರಿಕನ್ನರ ಮನಸ್ಸಿನಲ್ಲಿ ಸಂಗೀತವೆಂದರೆ ಜರ್ಮನಿ, ಇಟಲಿಗಳಿಂದ ಹಡಗಿನಲ್ಲಿ ಬರಬೇಕಾದ ಸರಕು. ತಮ್ಮವರು ರಚಿಸಿದ್ದನ್ನು ಗಂಭೀರ ಸಭೆಯಲ್ಲಿ ನುಡಿಸಬಹುದೆಂಬ ಧೈರ್ಯ ತಮ್ಮವರಿಗೇ ಇರಲಿಲ್ಲ. 1884ರ ಜುಲೈ ತಿಂಗಳಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಸಮಾವೇಶದಲ್ಲಿ ಕ್ಯಾಲಿಕ್ಸಾ ಲವಲೇ ಎಂಬಾತ ಕೇವಲ ಅಮೆರಿಕದ ರಚನಕಾರರ ಕೃತಿಗಳನ್ನೇ ಆಯ್ದು ಇಡೀ ಪಿಯಾನೋ ಕಛೇರಿಯನ್ನು ನಡೆಸಿಕೊಟ್ಟ. ಸ್ವಾರಸ್ಯವೆಂದರೆ ಅವನು ಅಮೆರಿಕದವನೇ ಅಲ್ಲ, 1842ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹುಟ್ಟಿದವನು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ವಾದ್ಯವೃಂದದಲ್ಲಿದ್ದು, ಆಂಟೀಟಮ್ ಕದನದಲ್ಲಿ ಗಾಯಗೊಂಡವನು. 1880ರಲ್ಲಿ ಅವನು ಸ್ವರ ಸಂಯೋಜಿಸಿದ 'ಓ ಕೆನಡಾ' ಗೀತೆ ನೂರು ವರ್ಷಗಳ ಅನಂತರ, 1980ರಲ್ಲಿ, ಆ ದೇಶದ ಅಧಿಕೃತ ರಾಷ್ಟ್ರಗೀತೆಯಾಯಿತು. ಆದರೆ ಬದುಕಿದ್ದಾಗ ತನ್ನ ನೆಲದಲ್ಲಿ ಹೊಟ್ಟೆಪಾಡು ನಡೆಯದೆ ಬಾಸ್ಟನ್‌ನಲ್ಲಿ ಪಾಠ ಹೇಳಿಕೊಂಡಿದ್ದ. ಅಂಥ ಪರದೇಶಿಯನ್ನೇ ಶಿಕ್ಷಕರ ಸಂಘ ಮುಂದೆ ತನ್ನ ಅಧ್ಯಕ್ಷನನ್ನಾಗಿ ಆರಿಸಿಕೊಂಡಿತು. 1891ರಲ್ಲಿ ಬಾಸ್ಟನ್‌ನಲ್ಲೇ ಅವನು ತೀರಿಕೊಂಡ. ಅವನ ಅಸ್ಥಿಯನ್ನು ತಾಯ್ನಾಡು ಗೌರವದಿಂದ ಬರಮಾಡಿಕೊಂಡದ್ದು 1933ರಲ್ಲಿ.

ಇನ್ನು ಮುಪ್ಪಿನ ಮಾತು. ಬೆರಳುಗಳು ಬಿರುಸಾದ ಮೇಲೆ, ಕಿವಿ ಮಂದವಾದ ಮೇಲೆ ಪಿಯಾನೋ ಗುರುವಿನ ಗತಿಯೇನು? ಮದುವೆಯಾಗದೆ ಪಾಠ ಹೇಳಿಯೇ ಬಾಳಿದ ಹೆಣ್ಣುಮಕ್ಕಳು ಆ ವೃತ್ತಿಯಲ್ಲಿ ಬಹಳ ಮಂದಿ. ಅಷ್ಟು ಹೊತ್ತಿಗೆ ಸಂಗೀತ ಪ್ರಕಾಶನದಿಂದ ಶ್ರೀಮಂತನಾಗಿದ್ದ ಪ್ರೆಸ್ಸರ್ 1906ರಲ್ಲಿ ಫಿಲಡೆಲ್ಫಿಯಾದಲ್ಲಿ ನಿವೃತ್ತ ಸಂಗೀತ ಶಿಕ್ಷಕರಿಗಾಗಿಯೇ ಒಂದು ಆಶ್ರಯಧಾಮವನ್ನು ಸ್ಥಾಪಿಸಿದ. 1914ರಲ್ಲಿ ಜರ್ಮನ್‌ಟೌನ್ ಭಾಗದಲ್ಲಿ ಅದಕ್ಕೆ ದೊಡ್ಡ ಕಟ್ಟಡವೇ ಎದ್ದಿತು. 1916ರಲ್ಲಿ ತನ್ನ ಹೆಸರಿನ ಧರ್ಮನಿಧಿಯನ್ನು ಸ್ಥಾಪಿಸಿ, 1925ರಲ್ಲಿ ಆತ ಕಣ್ಣುಮುಚ್ಚಿದ. ಪಿಂಚಣಿಯ ಕಾಗದಕ್ಕಾಗಿ ಮೆಟ್ಟಿಲು ಹತ್ತಿಳಿದ ನಮ್ಮಂಥವರಿಗೆ, ಮುದುಕರಾದ ಮೇಷ್ಟರುಗಳನ್ನು ನೆನೆದವನೊಬ್ಬನಿದ್ದನೆಂಬುದು ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಇಲ್ಲಿಯವರೆಗೆ ಬೆಳಕಿನ ಕತೆಯನ್ನಷ್ಟೇ ಹೇಳಿದೆ. ಸಂಘಕ್ಕೆ ಬಾಗಿಲೆಂಬುದಿದೆ, ಅದು ಯಾರಿಗೋ ತೆರೆದರೆ ಇನ್ಯಾರಿಗೋ ಮುಚ್ಚಿಕೊಳ್ಳುತ್ತದೆ. ಇತಿಹಾಸದ ಮೇಷ್ಟರು ಆ ಭಾಗವನ್ನು ನುಂಗಿಕೊಂಡರೆ ಪಾಠ ಅರ್ಧವಾಗುತ್ತದೆ.

ಅರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಪಟ್ಟಣದಲ್ಲಿ 1887ರಲ್ಲಿ ಹುಟ್ಟಿದ ಫ್ಲಾರೆನ್ಸ್ ಪ್ರೈಸ್ ಕಪ್ಪು ಜನಾಂಗದ ಹೆಣ್ಣುಮಗಳು. ತಾಯಿಯೇ ಮೊದಲ ಗುರು. ಬಾಸ್ಟನ್ನಿಗೆ ಹೋಗಿ 1906ರಲ್ಲಿ ಆರ್ಗನ್ ವಾದನದಲ್ಲೊಂದು, ಪಿಯಾನೋ ಬೋಧನೆಯಲ್ಲೊಂದು, ಹೀಗೆ ಎರಡು ಡಿಪ್ಲೊಮಾ ಪಡೆದು ಬಂದಳು. ಎಲ್ಲಿ? ಅದೇ ಎಬೆನ್ ಟೂರ್ಜೆ ಸ್ಥಾಪಿಸಿದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ. ಕಾಲೇಜುಗಳಲ್ಲಿ ಕಲಿಸಿ, ಮದುವೆಯಾದ ಮೇಲೆ ಊರಿಗೆ ಮರಳಿ ಮಕ್ಕಳಿಗೆ ಪಿಯಾನೋ ಪಾಠ ಆರಂಭಿಸಿದಳು. ರಾಜ್ಯದ ಸಂಗೀತ ಶಿಕ್ಷಕರ ಸಂಘಕ್ಕೆ ಸದಸ್ಯತ್ವ ಕೋರಿ ಅರ್ಜಿ ಹಾಕಿದಾಗ ಅವಳ ಬಣ್ಣದ ಕಾರಣದಿಂದ ಅದು ತಿರಸ್ಕೃತವಾಯಿತು. ರಾಷ್ಟ್ರದ ಸಂಗೀತ ಶಿಕ್ಷಕರ ಸಂಘದ ಮೊದಲ ಅಧ್ಯಕ್ಷ ಕಟ್ಟಿದ ವಿದ್ಯಾಲಯದ ಪ್ರಮಾಣಪತ್ರ ಕೈಯಲ್ಲಿದ್ದರೂ, ತನ್ನ ಊರಿನ ಸಹೋದ್ಯೋಗಿಗಳ ಪಕ್ಕದಲ್ಲಿ ಕುಳಿತುಕೊಳ್ಳಲು ಅವಳಿಗೆ ಕುರ್ಚಿ ಇರಲಿಲ್ಲ.

ಅವಳು ಸುಮ್ಮನೆ ಕೂರದೆ ಲಿಟ್ಲ್ ರಾಕ್‌ನಲ್ಲೇ ತನ್ನವರಿಗಾಗಿ ಒಂದು ಸಂಗೀತಗಾರರ ಬಳಗವನ್ನು ಕಟ್ಟಿದಳು. 1927ರಲ್ಲಿ ಆ ಊರಿನಲ್ಲಿ ಜನರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಹಿಂಸಿಸಿ ಕೊಂದ ಘೋರ ಘಟನೆ ನಡೆದ ಮೇಲೆ ಕುಟುಂಬ ಶಿಕಾಗೋಗೆ ವಲಸೆ ಹೋಯಿತು. ಶಿಕಾಗೋದಲ್ಲಿ 1919ರಲ್ಲೇ ಕಪ್ಪು ಸಂಗೀತಗಾರರು ತಮ್ಮದೇ ಆದ ರಾಷ್ಟ್ರೀಯ ಸಂಘವನ್ನು ಹುಟ್ಟುಹಾಕಿದ್ದರು. ಅದರ ಮೊದಲ ವಿದ್ಯಾರ್ಥಿವೇತನ ಸಂದದ್ದು ಮುಂದೆ ಜಗದ್ವಿಖ್ಯಾತಳಾದ ಗಾಯಕಿ ಮರಿಯನ್ ಆಂಡರ್ಸನ್‌ಗೆ. ಮುಂದೆ ದಾಂಪತ್ಯ ಮುರಿದು ಎರಡು ಹೆಣ್ಣುಮಕ್ಕಳೊಂದಿಗೆ ಕಷ್ಟಕ್ಕೆ ಸಿಕ್ಕಿದ ಫ್ಲಾರೆನ್ಸ್‌ಗೆ ಎಸ್ಟೆಲಾ ಬಾಂಡ್ಸ್ ಎಂಬ ಸಂಗೀತ ಶಿಕ್ಷಕಿಯ ಮನೆ ಆಸರೆಯಾಯಿತು. ಆ ಮನೆಯ ಅಡುಗೆಕೋಣೆಯ ದೊಡ್ಡ ಮೇಜಿನ ಸುತ್ತ ಚಳಿಗಾಲದ ರಾತ್ರಿಗಳಲ್ಲಿ ಕುಳಿತು ಸ್ವರಲಿಪಿಯ ಹಾಳೆಗಳನ್ನು ಹರಡಿಕೊಂಡು ಪ್ರತಿ ತೆಗೆಯುತ್ತಿದ್ದುದನ್ನು ಎಸ್ಟೆಲಾಳ ಮಗಳು, ಫ್ಲಾರೆನ್ಸಳ ಶಿಷ್ಯೆ ಮಾರ್ಗರೆಟ್ ಬಾಂಡ್ಸ್ ಮುಂದೆ ನೆನೆದುಕೊಂಡಿದ್ದಾಳೆ. 1932ರಲ್ಲಿ ಗುರು, ಶಿಷ್ಯೆ ಇಬ್ಬರಿಗೂ ವಾನಮೇಕರ್ ಬಹುಮಾನಗಳು ಬಂದವು. 1933ರ ಜೂನ್ 15ರಂದು ಶಿಕಾಗೋ ಸಿಂಫನಿ ವಾದ್ಯವೃಂದ ಫ್ಲಾರೆನ್ಸಳ ಮೊದಲ ಸಿಂಫನಿಯನ್ನು ನುಡಿಸಿತು. ಅಮೆರಿಕದ ಪ್ರಮುಖ ವಾದ್ಯವೃಂದವೊಂದು ಕಪ್ಪು ಮಹಿಳೆಯ ಸಿಂಫನಿಯನ್ನು ನುಡಿಸಿದ್ದು ಅದೇ ಮೊದಲು. ಅದೇ ರಾತ್ರಿ ಅದೇ ವೇದಿಕೆಯಲ್ಲಿ ಮಾರ್ಗರೆಟ್ ಕೂಡ ಪಿಯಾನೋ ನುಡಿಸಿದಳು. ಒಬ್ಬ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸಂಜೆ ಯಾವುದಿದ್ದೀತು! 1953ರಲ್ಲಿ ತೀರಿಕೊಂಡ ಫ್ಲಾರೆನ್ಸಳನ್ನು ಲೋಕ ಬಹುಮಟ್ಟಿಗೆ ಮರೆತೇಬಿಟ್ಟಿತು. 2009ರಲ್ಲಿ ಇಲಿನಾಯ್ ರಾಜ್ಯದ ಸೇಂಟ್ ಆನ್ ಎಂಬಲ್ಲಿ ಪಾಳುಬಿದ್ದ ಮನೆಯೊಂದರಲ್ಲಿ ಅವಳ ಹಸ್ತಪ್ರತಿಗಳ ರಾಶಿಯೇ ದೊರೆಯಿತು. ಅಲ್ಲಿಂದೀಚೆಗೆ ಅವಳ ಕೃತಿಗಳು ಮತ್ತೆ ಸಭಾಂಗಣಗಳಲ್ಲಿ ಕೇಳಿಬರುತ್ತಿವೆ.

ಈಗ ದಕ್ಷಿಣದ ಟೆಕ್ಸಸ್ ರಾಜ್ಯಕ್ಕೆ ಹೋಗೋಣ. ರೇಡಿಯೋ ಮತ್ತು ಗ್ರಾಮಫೋನುಗಳು ಬಂದು, ನುಡಿಸುವ ಬದಲು ಕೇಳಿದರೇ ಸಾಕೆಂಬ ಮನೋಭಾವ ಬೆಳೆಯುತ್ತಿದ್ದ ಕಾಲ. ಪಿಯಾನೋ ಮಾರಾಟ ಇಳಿಮುಖವಾಗಿತ್ತು. ಸಾಲದೆಂಬಂತೆ 1929ರ ಆರ್ಥಿಕ ಕುಸಿತ ಬೇರೆ. ಅದೇ ವರ್ಷ ಅಬಿಲೀನ್ ಎಂಬ ಊರಿನಲ್ಲಿ ಇರ್ಲ್ ಆಲಿಸನ್ ಎಂಬ ಶಿಕ್ಷಕ ಪಿಯಾನೋ ಶಿಕ್ಷಕರದೇ ಆದ 'ನ್ಯಾಷನಲ್ ಗಿಲ್ಡ್ ಆಫ್ ಪಿಯಾನೋ ಟೀಚರ್ಸ್' ಸಂಘಟನೆಗೆ ನಾಂದಿ ಹಾಡಿದ. ಅದರ ಕ್ರಮ ಸರಳವಾದದ್ದು. ವರ್ಷಕ್ಕೊಮ್ಮೆ ಪ್ರತಿ ಮಗುವೂ ತಾನು ಕಲಿತ ಕೃತಿಗಳನ್ನು ಪುಸ್ತಕ ನೋಡದೆ ಹೊರಗಿನಿಂದ ಬಂದ ತೀರ್ಪುಗಾರರ ಮುಂದೆ ನುಡಿಸಬೇಕು. ಮಕ್ಕಳ ನಡುವೆ ಪೈಪೋಟಿಯಿಲ್ಲ, ಒಂದನೆಯವನು ಎರಡನೆಯವನು ಎಂಬುದಿಲ್ಲ. ಎರಡು ಮೂರು ಕೃತಿ ಬಲ್ಲ ಮಗುವಿಗೂ ಒಂದು ಹಂತ, ಹತ್ತು ಕೃತಿ ಬಲ್ಲ ಮಗುವಿಗೂ ಒಂದು ಹಂತ. ಅವರವರ ಶಕ್ತಿಗೆ ತಕ್ಕ ಪ್ರಮಾಣಪತ್ರ. ತೀರ್ಪುಗಾರರು ಗುಣದೋಷಗಳನ್ನು ಬರೆದುಕೊಡುತ್ತಾರೆ.

ಬಿ.ಎಡ್. ಮಾಡಿದವರಿಗೆ ಇದರ ಬೆಲೆ ಗೊತ್ತು. ಅಭ್ಯಾಸ ಪಾಠಗಳ ದಿನಗಳಲ್ಲಿ ಸಹಪಾಠಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ನಮ್ಮ ಪಾಠವನ್ನು ವೀಕ್ಷಿಸಿ ಟಿಪ್ಪಣಿ ಬರೆಯುತ್ತಿದ್ದರು. ಆಗ ಎದೆ ಡವಡವ ಎನ್ನುತ್ತಿತ್ತು. ಆದರೆ ನಾವು ತಿದ್ದಿಕೊಂಡದ್ದೆಲ್ಲ ಆ ಟಿಪ್ಪಣಿಗಳಿಂದಲೇ. ಮಗುವಿನ ಪರೀಕ್ಷೆಯ ನೆಪದಲ್ಲಿ ಆಲಿಸನ್ ನಿಜವಾಗಿ ಮಾಡಿದ್ದು ಇದನ್ನೇ: ಮುಚ್ಚಿದ ಕೋಣೆಯ ಗುರುವಿಗೆ ಹಿಂದಿನ ಬೆಂಚಿನ ಸಹಪಾಠಿಯನ್ನು ಒದಗಿಸಿಕೊಟ್ಟ. ನಮ್ಮ ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕೂರುವುದು ಇಂಥದೇ ಇನ್ನೊಂದು ಪದ್ಧತಿ. ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದ ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಗಳಿಸಿದ್ದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಕೂಡ ಆದರು.

ಅದೇ ಟೆಕ್ಸಸ್ಸಿನ ಕಿಲ್ಗೋರ್ ಎಂಬ ತೈಲಬಾವಿಗಳ ಊರಿನಲ್ಲಿ ರಿಲ್ಡಿಯಾ ಬೀ ಕ್ಲೈಬರ್ನ್ ಎಂಬ ಪಿಯಾನೋ ಶಿಕ್ಷಕಿ ಇದ್ದಳು. ಲಿಸ್ಟ್ ಮಹಾಶಯನ ಶಿಷ್ಯ ಆರ್ಥರ್ ಫ್ರೀಡ್‌ಹೈಮ್ ಆಕೆಯ ಗುರು. ಕಛೇರಿ ಕಲಾವಿದೆಯಾಗುವ ಯೋಗ್ಯತೆಯಿದ್ದರೂ ಹೆತ್ತವರು ಒಪ್ಪದೆ, ಪಾಠ ಹೇಳುವುದೇ ಅವಳ ಬಾಳಾಯಿತು. ಮಗ ವ್ಯಾನ್ ಮೂರು ವರ್ಷದವನಿದ್ದಾಗ ಶಿಷ್ಯನೊಬ್ಬ ಪಾಠ ಮುಗಿಸಿ ಹೋದ ಮೇಲೆ ಯಾರೋ ಅದೇ ತುಣುಕನ್ನು ನುಡಿಸುತ್ತಿರುವುದು ಕೇಳಿ ಬಂದು ನೋಡಿದರೆ, ಕುಳಿತಿದ್ದವನು ಮಗನೇ! ಅಂದಿನಿಂದ ಅವನು ಹದಿನೇಳು ವರ್ಷದವನಾಗುವವರೆಗೆ ಅವಳೊಬ್ಬಳೇ ಗುರು. ಅನಂತರ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಸ್ಥೆಯಲ್ಲಿ, ಮಾಸ್ಕೋದಲ್ಲಿ ಕಲಿತು ಬಂದಿದ್ದ ರೊಸೀನಾ ಲೆವೀನ್ ಎಂಬಾಕೆಯ ಬಳಿ ಅವನ ಶಿಕ್ಷಣ ಮುಂದುವರಿಯಿತು.

1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿ ಅಮೆರಿಕವನ್ನು ತಬ್ಬಿಬ್ಬುಗೊಳಿಸಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಮಾಸ್ಕೋದ ಮೊದಲ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ 23 ವರ್ಷದ ವ್ಯಾನ್ ಕ್ಲೈಬರ್ನ್ ಮೊದಲ ಬಹುಮಾನ ಗೆದ್ದ. ಅಮೆರಿಕದವನಿಗೆ ಕೊಡಬಹುದೇ ಎಂದು ಕ್ರುಶ್ಚೇವ್‌ರನ್ನೇ ಕೇಳಬೇಕಾಯಿತೆಂದೂ, ಅವನೇ ಉತ್ತಮನಾದರೆ ಕೊಡಿ ಎಂದು ಅವರು ಒಪ್ಪಿದರೆಂದೂ ಹೇಳುತ್ತಾರೆ. ನ್ಯೂಯಾರ್ಕ್ ಆ ಹುಡುಗನನ್ನು ಯುದ್ಧ ಗೆದ್ದ ವೀರನಂತೆ ಮೆರವಣಿಗೆ ಮಾಡಿತು.

ಆ ವರ್ಷದ ನವೆಂಬರಿನಲ್ಲಿ ಪಿಯಾನೋ ಶಿಕ್ಷಕರ ಗಿಲ್ಡ್ ಏರ್ಪಡಿಸಿದ ಭೋಜನಕೂಟದಲ್ಲಿ ಇರ್ಲ್ ಆಲಿಸನ್ ಎದ್ದು ನಿಂತು, ವ್ಯಾನ್ ಹೆಸರಿನಲ್ಲಿ ಒಂದು ಸ್ಪರ್ಧೆ ನಡೆಯಬೇಕು, ಮೊದಲ ಬಹುಮಾನಕ್ಕೆ 10,000 ಡಾಲರ್ ನಾವು ಕೊಡುತ್ತೇವೆ ಎಂದು ಘೋಷಿಸಿದ. ಘೋಷಣೆ ಸುಲಭ, ನಡೆಸುವವರು ಯಾರು? ಫೋರ್ಟ್‌ವರ್ತ್ ನಗರದ ಗ್ರೇಸ್ ವಾರ್ಡ್ ಲ್ಯಾಂಕ್‌ಫರ್ಡ್ ಎಂಬ ಶಿಕ್ಷಕಿಯೂ ಅಲ್ಲಿನ ಪಿಯಾನೋ ಶಿಕ್ಷಕರ ಕೂಟವೂ ಊರಿನ ಸ್ವಯಂಸೇವಕರೂ ಸೆರಗು ಕಟ್ಟಿ ನಿಂತರು. ದನದ ವ್ಯಾಪಾರಕ್ಕೆ ಹೆಸರಾದ ಊರು ಅದು. ಅಲ್ಲಿ 1962ರ ಸೆಪ್ಟೆಂಬರ್ 24ರಿಂದ ಅಕ್ಟೋಬರ್ 7ರವರೆಗೆ ಮೊದಲ ಸ್ಪರ್ಧೆ ನಡೆಯಿತು. ಅಮೆರಿಕದ ರಾಲ್ಫ್ ವೊಟಾಪೆಕ್ ಮೊದಲಿಗನಾದ. ಎರಡನೆಯ, ಮೂರನೆಯ ಸ್ಥಾನ ಪಡೆದವರು ಸೋವಿಯತ್ ದೇಶದ ನಿಕೊಲಾಯ್ ಪೆಟ್ರೋವ್ ಮತ್ತು ಮಿಖಾಯಿಲ್ ವೊಸ್ಕ್ರೆಸೆನ್‌ಸ್ಕಿ. ತೇದಿಗಳನ್ನು ಗಮನಿಸಿ. ಸ್ಪರ್ಧೆ ಮುಗಿದು ಒಂದೇ ವಾರಕ್ಕೆ, ಅಕ್ಟೋಬರ್ 14ರಂದು, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವ ಚಿತ್ರಗಳು ಅಮೆರಿಕದ ವಿಮಾನಕ್ಕೆ ಸಿಕ್ಕಿ ಜಗತ್ತು ಅಣುಯುದ್ಧದ ಅಂಚಿಗೆ ಬಂದಿತು. ಎರಡು ಸರ್ಕಾರಗಳು ಒಂದನ್ನೊಂದು ಸುಡಲು ಸಿದ್ಧವಾಗುತ್ತಿದ್ದ ತಿಂಗಳಲ್ಲೇ ಪಿಯಾನೋ ಮೇಷ್ಟರುಗಳು ಎರಡೂ ಕಡೆಯ ಹುಡುಗರನ್ನು ಒಂದೇ ವೇದಿಕೆಗೆ ಕರೆತಂದು ಚಪ್ಪಾಳೆ ತಟ್ಟಿದ್ದರು.

ಆ ಸ್ಪರ್ಧೆಯೊಂದಿಗೆ ಬೆಳೆದುಬಂದ ಒಂದು ಪದ್ಧತಿ ನನಗೆ ಬಹುಮಾನಗಳಿಗಿಂತ ಹೆಚ್ಚು ಹಿಡಿಸಿತು. ಪರದೇಶದಿಂದ ಬಂದ ಸ್ಪರ್ಧಿಗಳನ್ನು ಊರಿನ ಕುಟುಂಬಗಳು ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುತ್ತಿದ್ದವು. ಸಾಧನೆಗೆಂದು ಆ ಮನೆಗೇ ದೊಡ್ಡ ಪಿಯಾನೋ ತಂದಿಳಿಸುತ್ತಿದ್ದರು. ಭಾಷೆ ಬಾರದ ಹುಡುಗನಿಗೆ ಆ ಮನೆಯೊಡತಿಯೇ ತಾಯಿಯಂತಾಗಿ ಊಟ ಬಡಿಸಿ, ಸಭಾಂಗಣಕ್ಕೆ ಕರೆದೊಯ್ದು, ಸೋತರೆ ಸಮಾಧಾನ ಹೇಳುತ್ತಿದ್ದಳು. ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರಿಗೆ ಇದು ಹೊಸದಲ್ಲ. ನಮ್ಮ ವಿದ್ವಾಂಸರು ಕಛೇರಿಗಳಿಗಾಗಿ ಅಲ್ಲಿಗೆ ಬಂದಾಗ ಅನೇಕರು ಇಳಿದುಕೊಳ್ಳುವುದು ರಸಿಕರ ಮನೆಗಳಲ್ಲೇ ಅಲ್ಲವೇ? ಸಾರು, ಪಲ್ಯ, ಮಜ್ಜಿಗೆ, ಮರುದಿನ ಬೆಳಿಗ್ಗೆ ಕೋಣೆಯಿಂದ ಕೇಳಿಬರುವ ಶ್ರುತಿ, ಇವೆಲ್ಲ ನಿಮ್ಮ ಅನುಭವಕ್ಕೆ ಬಂದಿರಬಹುದು.

ಆ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. 2009ರಲ್ಲಿ ಹುಟ್ಟುಕುರುಡನಾದ ಜಪಾನಿನ ನೊಬುಯುಕಿ ತ್ಸುಜಿಯಿ ಮೊದಲ ಸ್ಥಾನವನ್ನು ಚೀನಾದ ಹಾವೊಚೆನ್ ಜಾಂಗ್ ಜೊತೆ ಹಂಚಿಕೊಂಡ. 2022ರಲ್ಲಿ ಕೊರಿಯಾದ 18 ವರ್ಷದ ಯುನ್‌ಚಾನ್ ಲಿಮ್ ಗೆದ್ದಾಗ ರಷ್ಯಾದ ಯುವತಿಯೊಬ್ಬಳು ಎರಡನೆಯವಳಾಗಿ, ಉಕ್ರೇನಿನ ಯುವಕನೊಬ್ಬ ಮೂರನೆಯವನಾಗಿ ಅಕ್ಕಪಕ್ಕದಲ್ಲಿ ನಿಂತರು. ಅತ್ತ ಅವರ ದೇಶಗಳ ನಡುವೆ ಯುದ್ಧ ಆರಂಭವಾಗಿ ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ. ರಿಲ್ಡಿಯಾ ಬೀ 1994ರವರೆಗೆ, 97 ವರ್ಷ ಬಾಳಿದಳು. ವ್ಯಾನ್ 2013ರಲ್ಲಿ ಫೋರ್ಟ್‌ವರ್ತ್‌ನಲ್ಲಿ ತೀರಿಕೊಂಡ.

ಈ ಎಲ್ಲ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಹೊಳೆಯುವುದು ಇಷ್ಟು. ಶಿಕ್ಷಕರ ಸಂಘದ ಯೋಗ್ಯತೆಯನ್ನು ಅದರ ನಿರ್ಣಯಗಳಿಂದಾಗಲಿ, ಹಾರತುರಾಯಿಗಳಿಂದಾಗಲಿ ಅಳೆಯಲಾಗದು. ಅದು ಯಾರಿಗೆ ಬಾಗಿಲು ತೆರೆಯಿತು ಎಂಬುದೇ ಅಳತೆಗೋಲು. ಹಳ್ಳಿಯ ಒಂಟಿ ಶಿಕ್ಷಕಿಗೆ, ಕೆನಡಾದ ಪರದೇಶಿಗೆ, ದುಡಿಯಲಾರದ ಮುದುಕರಿಗೆ, ಶತ್ರುದೇಶದ ಹುಡುಗನಿಗೆ ತೆರೆದಾಗಲೆಲ್ಲ ಅದು ದೊಡ್ಡದಾಯಿತು. ಫ್ಲಾರೆನ್ಸ್ ಪ್ರೈಸಳಿಗೆ ಮುಚ್ಚಿದಾಗ ಸಣ್ಣದಾಯಿತು. ಅಂದು ಮುಚ್ಚಿದ ಬಾಗಿಲಿನಿಂದ ನಷ್ಟವಾದದ್ದು ಅವಳೊಬ್ಬಳಿಗೇ ಅಲ್ಲ, ಒಳಗೆ ಕುಳಿತವರಿಗೂ ಆಯಿತು. ಅವಳ ಅಡುಗೆಕೋಣೆಯ ಸಂಘದಿಂದ ಹುಟ್ಟಿದ ಸಂಗೀತದಲ್ಲಿ ಅವರಿಗೆ ಪಾಲಿಲ್ಲದೆ ಹೋಯಿತು.

ನಿಮ್ಮಲ್ಲಿ ಹಲವರು ಈಗ ನಾನಾ ಊರುಗಳಲ್ಲಿ, ದೇಶಗಳಲ್ಲಿ ಸಂಘಸಂಸ್ಥೆಗಳ ಪದಾಧಿಕಾರಿಗಳಾಗಿದ್ದೀರಿ. ಮುಂದಿನ ಸಭೆಯಲ್ಲಿ ಬಾಗಿಲ ಬಳಿ ಹಿಂಜರಿದು ನಿಂತವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ. ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೇಷ್ಟರೋ ಅಮ್ಮನೋ ನಿಮ್ಮ ಬೀದಿಯಲ್ಲಿದ್ದರೆ, ಶುಲ್ಕ ಕೊಟ್ಟು ಮಗುವನ್ನು ಕರೆದುಕೊಂಡು ಬರುವಾಗ ಎರಡು ನಿಮಿಷ ನಿಂತು ಮಾತಾಡಿಸಿ ಬನ್ನಿ.